ಮಿದುಳಿನ ರಕ್ತಸ್ರಾವವೂ ಅದರ ಉಪದ್ರವಗಳೂ
(ಹ್ಯಾಂಡ್‌ಪೋಸ್ಟಿನಲ್ಲಿ ಶ್ರೀಮಠದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವದಲ್ಲಿ ಶಾಸ್ತ್ರವಿಚಾರ, ಪುರಾಣಪ್ರವಚನ, ವಚನಗಾಯನಗಳು ನಡೆಯುವುದು ಪರಿಪಾಠವು. ಅವುಗಳ ನಡುವೆ ರೋಗವೊಂದರ ಮಾತೇಕೆಂದು ಕೆಲವರು ಶಂಕಿಸಬಹುದು. ಈ ಸೀಮೆಯ ಗ್ರಾಮಗಳಲ್ಲಿ ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿ ಜಗಲಿಯ ಮೇಲೆ ಕುಳಿತವರನ್ನು ನೋಡದವರು ವಿರಳ. ಎಷ್ಟೋ ಮನೆಗಳಲ್ಲಿ ದುಡಿದು ಹಾಕತಕ್ಕ ಯಜಮಾನನೇ ಹಾಗೆ ಕುಳಿತಿರುವನು. ಕಾಯಕವನ್ನು ಧರ್ಮದ ನಡುಗಂಬವೆಂದು ನಂಬಿದ ಸಮಾಜಕ್ಕೆ ಕಾಯದ ರಕ್ಷಣೆಯು ಹೊರಗಿನ ವಿಷಯವಾಗಲಾರದು. ಅದಲ್ಲದೆ, ಈ ರೋಗದಲ್ಲಿ ಮೊದಲ ಏಟಿನಿಂದ ಬದುಕುಳಿದು, ತರುವಾಯ ಬಂದ ಉಪದ್ರವಗಳಿಂದ ತೀರಿಕೊಳ್ಳುವವರು ಬಹು ಮಂದಿ. ಆ ಉಪದ್ರವಗಳಲ್ಲಿ ಒಂದೆರಡು ಭಕ್ತಿಯ ಕಾರಣದಿಂದಲೇ, ತಿಳಿಯದೆ, ಮನೆಯವರ ಕೈಯಿಂದಲೇ ಉಂಟಾಗುವಂಥವು. ಅದನ್ನು ಮಠದ ವೇದಿಕೆಯಿಂದ ಹೇಳದೆ ಮತ್ತೆಲ್ಲಿಂದ ಹೇಳಬೇಕು?

ಜನರು ಲಕ್ವವೆಂದೂ ಪಾರ್ಶ್ವವಾಯುವೆಂದೂ ಕರೆಯುವ ವ್ಯಾಧಿಯು ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯು ಚಿಕಿತ್ಸಾಸ್ಥಾನದ ೨೮ನೆಯ ಅಧ್ಯಾಯದಲ್ಲಿ, ವಾತವ್ಯಾಧಿಗಳ ಪ್ರಕರಣದಲ್ಲಿ, ಇದನ್ನು ವಿವರಿಸಿದೆ. ಅದೇ ಗ್ರಂಥವು ಶಿರಸ್ಸನ್ನು ಉತ್ತಮಾಂಗವೆಂದು ಎಣಿಸಿ, ಹೃದಯ, ವಸ್ತಿಗಳೊಡನೆ ಮೂರು ಮಹಾಮರ್ಮಗಳಲ್ಲಿ ಒಂದಾಗಿ ಹೇಳಿದೆ. ಆದರೆ ತಲೆಬುರುಡೆಯೊಳಗೆ ನಡೆದುದೇನೆಂಬುದನ್ನು ಬದುಕಿದ್ದವನಲ್ಲಿ ಕಣ್ಣಾರೆ ನೋಡುವ ಉಪಾಯವು ಯಾವ ದೇಶದ ವೈದ್ಯನಿಗೂ ಬಹುಕಾಲ ಇರಲಿಲ್ಲ. ೧೯೭೧ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡನು ರಚಿಸಿದ ಯಂತ್ರದಿಂದ ಮೊದಲನೆಯ ರೋಗಿಯ ಮಿದುಳಿನ ಚಿತ್ರವನ್ನು ತೆಗೆದರು. ಅದೇ ಈಗ ಎಲ್ಲರೂ ಸಿ.ಟಿ. ಸ್ಕ್ಯಾನ್ ಎನ್ನುವುದು. ಅದು ಬಂದ ಮೇಲೆ, ಒಂದೇ ಹೆಸರಿನಿಂದ ಕರೆಯುತ್ತಿದ್ದ ಲಕ್ವದಲ್ಲಿ ಪರಸ್ಪರ ವಿರುದ್ಧವಾದ ಎರಡು ರೋಗಗಳಿವೆಯೆಂಬುದು ನಿಸ್ಸಂದೇಹವಾಗಿ ಕಾಣತೊಡಗಿತು.

ಒಂದರಲ್ಲಿ ಮಿದುಳಿನ ರಕ್ತನಾಳವು ಕಟ್ಟಿಕೊಳ್ಳುತ್ತದೆ, ಮತ್ತೊಂದರಲ್ಲಿ ಒಡೆಯುತ್ತದೆ. ಲಕ್ವ ಬಡಿದ ೧೦೦ ಮಂದಿಯಲ್ಲಿ ಸುಮಾರು ೮೦ ಮಂದಿಗೆ ನಾಳವು ಕಟ್ಟಿರುತ್ತದೆ, ಉಳಿದವರಲ್ಲಿ ಒಡೆದಿರುತ್ತದೆ. ಸಂಖ್ಯೆಯು ಅಲ್ಪವಾದರೂ ಒಡೆಯುವ ರೋಗವೇ ಹೆಚ್ಚು ಘಾತುಕವು. ಮಿದುಳಿನೊಳಗೆ ರಕ್ತ ಹರಿದವರಲ್ಲಿ ೧೦೦ಕ್ಕೆ ೪೦ರಷ್ಟು ಮಂದಿ ಒಂದು ತಿಂಗಳೊಳಗೆ ತೀರಿಕೊಳ್ಳುವರು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆ: ಬಾಯಿ ಸೊಟ್ಟಗಾಗುವುದು, ಕೈ ಬೀಳುವುದು, ಮಾತು ತೊದಲುವುದು. ತಲೆನೋವು, ವಾಂತಿ, ಬೇಗನೆ ಮಂಪರು ಕವಿಯುವುದು ಇವುಗಳಿದ್ದರೆ ರಕ್ತಸ್ರಾವದ ಅನುಮಾನವು ಬಲವಾಗುತ್ತದೆ, ಆದರೆ ನಿಶ್ಚಯವಾಗದು. ಹಿರಿಯ ವೈದ್ಯನೂ ಕೈಮುಟ್ಟಿ ನೋಡಿ ಇದು ಇಂಥದೇ ಎಂದು ಹೇಳಲಾರನು. ಈ ಒಂದು ಮಾತು ಮನಸ್ಸಿನಲ್ಲಿ ನಾಟಿದರೆ ಮುಂದಿನ ಅರ್ಧ ವಿಷಯವು ತಿಳಿದಂತೆಯೇ. ಹೃದಯದ ನೋವಿಗೆ ಕೊಡುವ ಆಸ್ಪಿರಿನ್ ಮಾತ್ರೆಯನ್ನು ಲಕ್ವಕ್ಕೂ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ ಮನೆಯಲ್ಲಿಯೇ ನುಂಗಿಸುವವರುಂಟು. ನಾಳವು ಕಟ್ಟಿದ್ದರೆ ಅದು ಔಷಧವೇ ಸರಿ. ಒಡೆದಿದ್ದರೆ ಹರಿಯುವ ರಕ್ತಕ್ಕೆ ಮತ್ತಷ್ಟು ದಾರಿ ಬಿಟ್ಟಂತೆ.

ಈಗ ನಿದಾನದ ವಿಷಯ. ಮಿದುಳಿನ ಆಳದಲ್ಲಿ ರಕ್ತನಾಳ ಒಡೆಯುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣವು ರಕ್ತದ ಒತ್ತಡ, ಜನರ ಬಾಯಲ್ಲಿ ಬೀ.ಪಿ. ಕಬಿನಿಯ ನಾಲೆಯನ್ನು ನೋಡಿದವರಿಗೆ ಇದರ ರೀತಿಯನ್ನು ಸುಲಭವಾಗಿ ತಿಳಿಸಬಹುದು. ದೊಡ್ಡ ನಾಲೆಯಿಂದ ಉಪನಾಲೆ, ಅದರಿಂದ ಕಿರುಗಾಲುವೆ, ಅದರಿಂದ ಗದ್ದೆಗೆ ತೂಬು, ಹೀಗೆ ಹಂತಹಂತವಾಗಿ ಒಡೆದು ಹೋದರೆ ನೀರಿನ ರಭಸವು ಕುಗ್ಗುತ್ತದೆ. ದೊಡ್ಡ ನಾಲೆಯ ದಡಕ್ಕೇ ಒಂದು ಸಣ್ಣ ಮಣ್ಣಿನ ಕೊಳವೆಯನ್ನು ನೇರವಾಗಿ ಚುಚ್ಚಿದರೆ ಪೂರ್ಣ ರಭಸವೂ ಅದರ ಮೇಲೆಯೇ ಬೀಳುವುದು. ಮಿದುಳಿನ ಆಳಕ್ಕೆ ರಕ್ತವನ್ನು ಒಯ್ಯುವ ಕೂದಲಿನಂಥ ನಾಳಗಳು ಹೀಗೆಯೇ ದೊಡ್ಡ ನಾಳಗಳಿಂದ ನೇರವಾಗಿ ಹೊರಟಿವೆ. ಹತ್ತು ಹದಿನೈದು ವರ್ಷ ಅಧಿಕ ಒತ್ತಡವನ್ನು ತಾಳಿ ತಾಳಿ ಅವುಗಳ ಗೋಡೆಯು ಮೆತುತನವನ್ನು ಕಳೆದುಕೊಂಡು, ಒಂದು ದಿನ ಬಿರುಕು ಬಿಡುತ್ತದೆ. ವೃದ್ಧರಲ್ಲಿ ಒತ್ತಡವಿಲ್ಲದೆಯೂ ನಾಳದ ಗೋಡೆಯಲ್ಲಿ ಅಂಟಿನಂಥ ಪದಾರ್ಥವೊಂದು ಸೇರಿಕೊಂಡು ಮಿದುಳಿನ ಹೊರಪದರದ ಕಡೆ ಸ್ರಾವವಾಗುವುದುಂಟು. ಅದು ಮರುಕಳಿಸುವ ಸ್ವಭಾವದ್ದು.

ಒತ್ತಡವು ಅಳೆಯುವ ತನಕ ತಿಳಿಯತಕ್ಕದ್ದಲ್ಲ. ತಲೆ ತಿರುಗಿದಾಗ ಮಾತ್ರ ಒತ್ತಡವಿದೆಯೆಂದೂ, ಹಾಯಾಗಿದ್ದರೆ ಇಲ್ಲವೆಂದೂ ತಿಳಿಯುವುದು ಭ್ರಾಂತಿ. ಇಟಲಿಯ ರಿವಾ ರೊಚ್ಚಿಯು ೧೮೯೬ರಲ್ಲಿ ತೋಳಿಗೆ ಕಟ್ಟುವ ಪಟ್ಟಿಯನ್ನು ಮಾಡಿದನು. ರಷ್ಯದ ಕೊರೊಟ್ಕಾಫನು ೧೯೦೫ರಲ್ಲಿ ನಾಡಿಯ ಸದ್ದನ್ನು ಆಲಿಸಿ ಮೇಲಿನ ಅಂಕೆ ಕೆಳಗಿನ ಅಂಕೆ ಎರಡನ್ನೂ ಗುರುತಿಸುವ ಕ್ರಮವನ್ನು ಹೇಳಿದನು. ಅಂದಿನಿಂದ ಅಳೆಯುವುದು ಎರಡು ನಿಮಿಷದ ಕೆಲಸವಾಗಿದೆ. ಅಳೆದರೂ ತಗ್ಗಿಸುವ ಔಷಧವಿಲ್ಲದಿದ್ದ ಕಾಲವೊಂದಿತ್ತು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೆ ೧೯೪೪ರ ಮಾರ್ಚಿಯಲ್ಲಿ ವೈದ್ಯರು ಅಳೆದಾಗ ಒತ್ತಡವು ೧೮೬ರ ಮೇಲೆ ೧೦೮ ಇತ್ತು. ಲೋಕದ ಅತ್ಯುತ್ತಮ ವೈದ್ಯರು ಪಕ್ಕದಲ್ಲಿದ್ದರೂ ಅದನ್ನು ಇಳಿಸುವ ಒಳ್ಳೆಯ ಮದ್ದು ಅವರ ಕೈಯಲ್ಲಿರಲಿಲ್ಲ. ೧೯೪೫ರ ಏಪ್ರಿಲ್ ೧೨ರಂದು ಚಿತ್ರಕಾರ್ತಿಯ ಮುಂದೆ ಕುಳಿತಿದ್ದಾಗ ತಲೆಯ ಹಿಂಭಾಗದಲ್ಲಿ ಭಯಂಕರವಾದ ನೋವೆಂದು ನುಡಿದು ಕುಸಿದರು. ಆಗಿನ ಒತ್ತಡವು ೩೦೦ರ ಮೇಲೆ ೧೯೦. ಕೆಲವು ಗಂಟೆಗಳೊಳಗೆ ಮೃತಪಟ್ಟರು. ಮಹಾಯುದ್ಧದ ಸೇನೆಗಳನ್ನು ನಡೆಸಿದ ಆ ಪುರುಷನಿಗೆ ದೊರೆಯದ ಮಾತ್ರೆಯು ಇಂದು ಹೆಗ್ಗಡದೇವನಕೋಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಬಡವನಿಗೂ ದೊರೆಯುತ್ತದೆ. ಅದನ್ನು ತಂದು ಗೂಡಿನಲ್ಲಿಟ್ಟು ನುಂಗದೆ ಬಿಡುವವರ ವಿಷಯವನ್ನು ಮುಂದೆ ಹೇಳಬೇಕಾಗಿದೆ.

ಒತ್ತಡದೊಡನೆ ಕೈಗೂಡಿಸುವ ದುರಭ್ಯಾಸಗಳಲ್ಲಿ ಮದ್ಯವೂ ಹೊಗೆಸೊಪ್ಪೂ ಮುಖ್ಯವಾದುವು. ಮದ್ಯವು ಒತ್ತಡವನ್ನು ಏರಿಸುವುದಲ್ಲದೆ, ಯಕೃತ್ತನ್ನು ಕೆಡಿಸಿ ರಕ್ತವು ಹೆಪ್ಪುಗಟ್ಟುವ ಗುಣವನ್ನೂ ಕುಗ್ಗಿಸುತ್ತದೆ. ಕುಡಿದು ಬಿದ್ದವನ ತಲೆಯ ಪೆಟ್ಟು ಬೇರೆ. ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯು ಹೊಗೆಸೊಪ್ಪಿನ ಬೆಳೆಗೆ ದೇಶದಲ್ಲಿಯೇ ಹೆಸರಾದುದು. ಎಷ್ಟೋ ಭಕ್ತರ ಜೀವನವು ಅದರ ಮೇಲೆಯೇ ನಿಂತಿದೆ. ಬೆಳೆಯುವುದನ್ನು ಬಿಡಿರೆಂದು ಹೇಳುವುದು ಸುಲಭ, ಹೊಟ್ಟೆಗೆ ಬೇರೆ ದಾರಿ ತೋರುವುದು ಕಷ್ಟ; ಆ ಚರ್ಚೆಯು ಇಲ್ಲಿಗೆ ಬೇಡ. ಸೇದುವುದನ್ನೂ, ಎಲೆಯಡಿಕೆಯೊಡನೆ ಕಡ್ಡಿಪುಡಿಯನ್ನು ದವಡೆಗೆ ಒತ್ತಿಕೊಳ್ಳುವುದನ್ನೂ ಬಿಡಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಗರ್ಭಿಣಿಯರಲ್ಲಿ ಒತ್ತಡವೇರಿ ಅಪಸ್ಮಾರದಂತೆ ಸೆಳವು ಬರುವ ಸ್ಥಿತಿಯಲ್ಲಿಯೂ ಮಿದುಳಿನ ಸ್ರಾವವಾಗಿ ಪ್ರಾಣಹಾನಿಯಾಗುವುದುಂಟು. ಬಸುರಿಗೆ ತಲೆನೋವು, ಕಣ್ಣು ಮಂಜು, ಮುಖದ ಬಾವು ಕಂಡರೆ ಬಯಕೆಯ ಆಯಾಸವೆಂದು ತಳ್ಳಿಹಾಕಬಾರದು.

ಈ ಸೀಮೆಗೆ ವಿಶೇಷವಾದ ಇನ್ನೊಂದು ಕಾರಣವುಂಟು. ನಾಗರಹೊಳೆ, ಬಂಡೀಪುರಗಳ ಕಾಡಂಚಿನ ಹೊಲಗಳಲ್ಲಿ ದುಡಿಯುವವರಿಗೆ ಕೊಳಕುಮಂಡಲದ ಭಯ ಗೊತ್ತಿದೆ. ನಾಗರಹಾವಿನ ವಿಷವು ಉಸಿರನ್ನು ಕಟ್ಟಿಸುತ್ತದೆ. ಮಂಡಲದ ವಿಷವು ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ದ್ರವ್ಯಗಳನ್ನೆಲ್ಲ ವ್ಯಯಮಾಡಿ, ರಕ್ತವನ್ನು ನೀರಿನಂತೆ ಮಾಡುತ್ತದೆ. ಆಗ ವಸಡಿನಲ್ಲಿ, ಮೂತ್ರದಲ್ಲಿ, ಕಡೆಗೆ ಮಿದುಳಿನಲ್ಲಿಯೂ ಸ್ರಾವವಾಗಬಹುದು. ಕಡಿತವಾದವನ ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ಕೊಳವೆಯಲ್ಲಿ ೨೦ ನಿಮಿಷ ಅಲುಗಿಸದೆ ಇಟ್ಟು ನೋಡಿದರೆ, ಹೆಪ್ಪಾಯಿತೇ ಇಲ್ಲವೇ ಎಂಬುದರಿಂದ ವೈದ್ಯರು ವಿಷದ ಬಲವನ್ನು ತಿಳಿಯುವರು. ಮಂತ್ರವಾದಿಯ ಬಳಿ ಕಳೆದ ಗಂಟೆಗಳೂ, ಗಾಯವನ್ನು ಕೊಯ್ದುದೂ ಇಲ್ಲಿ ನೇರವಾಗಿ ಉಪದ್ರವದ ಕಾರಣಗಳು. ಕಚ್ಚಿದ ಅಂಗವನ್ನು ಅಲುಗಿಸದೆ, ಬಿಗಿಯಾಗಿ ಕಟ್ಟದೆ, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿಮಾಡತಕ್ಕ ವಿಷಯವೆಂದು ಗೊತ್ತುಮಾಡಿರುವುದು ಯೋಗ್ಯವಾದ ಕಾರ್ಯವು.

ಇನ್ನು ಪ್ರಕೃತ ವಿಷಯವಾದ ಉಪದ್ರವಗಳಿಗೆ ಬರೋಣ. ಮೂಲರೋಗದ ಬೆನ್ನು ಹತ್ತಿ ಬರುವ ರೋಗಕ್ಕೆ ಆಯುರ್ವೇದವು ಉಪದ್ರವವೆಂಬ ಹೆಸರನ್ನಿಟ್ಟಿದೆ. ಆ ಶಬ್ದವು ಇಲ್ಲಿಗೆ ಅಕ್ಷರಶಃ ಹೊಂದುತ್ತದೆ. ಮೊದಲನೆಯ ಉಪದ್ರವವೆಂದರೆ ಸ್ರಾವವೇ ಬೆಳೆಯುವುದು. ಒಡೆದ ನಾಳವು ಒಡೆದ ಕ್ಷಣಕ್ಕೇ ಮುಚ್ಚಿಕೊಳ್ಳುತ್ತದೆಂದು ಹಿಂದೆ ತಿಳಿದಿದ್ದರು. ಮೂವರಲ್ಲಿ ಒಬ್ಬರಿಗೆ ಮೊದಲ ಕೆಲವು ಗಂಟೆಗಳಲ್ಲಿ ರಕ್ತದ ಗಡ್ಡೆಯು ಇನ್ನಷ್ಟು ಹಿಗ್ಗುತ್ತದೆಂದು ಈಗ ಕಂಡುಬಂದಿದೆ. ಬೆಳಗ್ಗೆ ಮಾತನಾಡುತ್ತಿದ್ದವರು ಮಧ್ಯಾಹ್ನಕ್ಕೆ ಎಚ್ಚರ ತಪ್ಪುವುದು ಹೀಗೆ. ಒತ್ತಡವು ಇಳಿಯದೆ ಇರುವುದು, ರಕ್ತವನ್ನು ತೆಳುಮಾಡುವ ಮಾತ್ರೆಯನ್ನು ಸೇವಿಸುತ್ತಿರುವುದು, ಮೊದಲನೆಯ ಗಡ್ಡೆಯೇ ದೊಡ್ಡದಾಗಿರುವುದು ಇವು ಅದಕ್ಕೆ ಕಾರಣಗಳು. ಹೃದಯದ ಕವಾಟಕ್ಕೆ ಶಸ್ತ್ರಚಿಕಿತ್ಸೆಯಾದವರು ಇಂಥ ಮಾತ್ರೆಗಳನ್ನು ನುಂಗುವುದುಂಟು. ಅವರು ಗೊತ್ತಾದ ಕಾಲಕ್ಕೆ ರಕ್ತಪರೀಕ್ಷೆ ಮಾಡಿಸದೆ ಮಾತ್ರೆಯನ್ನು ಮಾತ್ರ ನುಂಗುತ್ತಿದ್ದರೆ ಅಪಾಯವು. ಹೆದರಿ ತಾವಾಗಿಯೇ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಕಟ್ಟಿ ಮತ್ತೊಂದು ಅಪಾಯವು. ಆಸ್ಪತ್ರೆಗೆ ಹೋಗುವಾಗ ಆ ಮಾತ್ರೆಯ ಚೀಟಿಯು ಜೊತೆಯಲ್ಲಿದ್ದರೆ ವೈದ್ಯರು ಅದರ ಗುಣವನ್ನು ಮುರಿಯುವ ಮದ್ದನ್ನು ಕೂಡಲೆ ಕೊಡಬಹುದು. ಒಂದು ಚೂರು ಕಾಗದದಿಂದ ಪ್ರಾಣ ಉಳಿಯುವ ಪ್ರಸಂಗಗಳಲ್ಲಿ ಇದೊಂದು.

ಪ್ರಾಚೀನರು ರೋಗವನ್ನು ಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಂಗಡಿಸಿದಂತೆ, ಆಧುನಿಕರೂ ಈ ರೋಗದ ಬಲಾಬಲವನ್ನು ಅಳೆಯಲು ಒಂದು ಗಣನೆಯನ್ನು ೨೦೦೧ರಲ್ಲಿ ಏರ್ಪಡಿಸಿದರು. ಅದು ಐದು ವಿಷಯಗಳನ್ನು ನೋಡುತ್ತದೆ. ಬಂದಾಗ ಎಚ್ಚರವು ಎಷ್ಟಿತ್ತು? ಗಡ್ಡೆಯು ೩೦ ಮಿಲಿಲೀಟರಿಗೆ, ಎಂದರೆ ಎರಡು ದೊಡ್ಡ ಚಮಚದಷ್ಟು ರಕ್ತಕ್ಕೆ, ಮುಟ್ಟಿದೆಯೋ? ರಕ್ತವು ಮಿದುಳಿನ ಒಳಕೋಣೆಗಳಿಗೆ ನುಗ್ಗಿದೆಯೋ? ಸ್ರಾವವು ಮಿದುಳಿನ ಕೆಳಭಾಗದಲ್ಲಿ, ಉಸಿರಾಟದ ನೆಲೆಯ ಹತ್ತಿರವೇ ಆಗಿದೆಯೋ? ವಯಸ್ಸು ೮೦ ದಾಟಿದೆಯೋ? ಇವು ಯಾವುವೂ ಇಲ್ಲದವರಲ್ಲಿ ಬಹುಮಟ್ಟಿಗೆ ಎಲ್ಲರೂ ತಿಂಗಳು ಕಳೆದು ಬದುಕಿರುತ್ತಾರೆ. ಗಣನೆಯು ಏರಿದಷ್ಟೂ ಆಶೆಯು ಕುಂದುತ್ತದೆ. ಎರಡು ಚಮಚ ರಕ್ತವೆಂದರೆ ಗಾಯಗೊಂಡ ಕಾಲಿನಿಂದ ಹೋದರೆ ಯಾರೂ ಗಮನಿಸರು. ಮಿದುಳು ಮೂಳೆಯ ಕರಡಿಗೆಯೊಳಗಿದೆ, ಹಿಗ್ಗಲು ತಾವಿಲ್ಲ, ಅದೇ ವ್ಯತ್ಯಾಸವು.

ಒಳಕೋಣೆಗಳಿಗೆ ರಕ್ತ ನುಗ್ಗಿದರೆ ಅಲ್ಲಿ ಸಂಚರಿಸುವ ದ್ರವದ ಹಾದಿಯು ಮುಚ್ಚಿ, ನೀರು ತುಂಬಿ, ಮಿದುಳು ಅದುಮಿಹೋಗುವುದು ಎರಡನೆಯ ಉಪದ್ರವ. ಶಸ್ತ್ರವೈದ್ಯರು ಕೊಳವೆಯಿಟ್ಟು ಅದನ್ನು ಹೊರಕ್ಕೆ ಬಿಡುವರು. ಹಿಂದಲೆಯ ಕಿರುಮಿದುಳಿನ ಸ್ರಾವದಲ್ಲಿ ಇದು ಬೇಗನೆ ಆಗುತ್ತದೆ. ಅಲ್ಲಿ ಕೈಕಾಲು ಬೀಳದೆ ಇರಬಹುದು. ತಲೆ ತಿರುಗುವುದು, ವಾಂತಿ, ನಿಲ್ಲಲಾರದೆ ಒಂದು ಕಡೆಗೆ ವಾಲುವುದು ಇಷ್ಟೇ ಕಾಣುತ್ತದೆ. ಪಿತ್ತ ಕೆರಳಿದೆಯೆಂದು ನಿಂಬೆಯ ಪಾನಕವನ್ನು ಕೊಟ್ಟು ಮಲಗಿಸುತ್ತಾರೆ. ಬೆಳಗಾಗುವುದರೊಳಗೆ ಕಾರ್ಯವು ಮೀರಿರುತ್ತದೆ. ಮಿದುಳಿನ ಆಳದ ಸ್ರಾವಕ್ಕೆ ಶಸ್ತ್ರಚಿಕಿತ್ಸೆಯ ಪ್ರಯೋಜನವು ಈಗಲೂ ವಿವಾದದಲ್ಲಿದ್ದರೂ, ಕಿರುಮಿದುಳಿನ ದೊಡ್ಡ ಗಡ್ಡೆಯನ್ನು ಸಕಾಲದಲ್ಲಿ ತೆಗೆದರೆ ಪ್ರಾಣವುಳಿಯುವುದೆಂಬುದರಲ್ಲಿ ಬಲವಾದ ಮತಭೇದವಿಲ್ಲ.

ಸಕಾಲವೆಂದರೆ ಯಾವುದು? ಹ್ಯಾಂಡ್‌ಪೋಸ್ಟೆಂಬ ಈ ಊರಿನ ಹೆಸರು ಆಂಗ್ಲಭಾಷೆಯದು. ಕನ್ನಡದಲ್ಲಿ ಇದಕ್ಕೆ ಕೈಮರವೆನ್ನುತ್ತಾರೆ. ದಾರಿಯು ಒಡೆಯುವಲ್ಲಿ ಯಾವ ಹಾದಿಯು ಯಾವ ಊರಿಗೆಂದು ತೋರಿಸುವ ಕಂಬವು ಅದು. ಮೈಸೂರು ಸುಮಾರು ೫೦ ಕಿಲೋಮೀಟರು. ಲಕ್ವ ಬಡಿದವನನ್ನು ಕರೆತಂದ ಬಂಧುಗಳು ಇಂಥ ಕವಲಿನಲ್ಲಿ ನಿಂತು, ನಾಟಿ ಔಷಧದವನ ಊರಿಗೋ, ಪರಿಚಿತ ವೈದ್ಯರ ಮನೆಗೋ, ಮೈಸೂರಿಗೋ ಎಂದು ಚರ್ಚಿಸುವ ಹೊತ್ತಿನಲ್ಲಿಯೇ ಗಡ್ಡೆಯು ಬೆಳೆಯುತ್ತಿರುತ್ತದೆ. ಕೆಲವೆಡೆ ಪಾರಿವಾಳವನ್ನು ಕೊಂದು ಅದರ ಬಿಸಿರಕ್ತವನ್ನು ಮೈಗೆ ಹಚ್ಚುವ ವಾಡಿಕೆಯೂ ಇದೆ. ಶಿವಭಕ್ತರ ಮನೆಯಲ್ಲಿ ಅದು ಹೇಗೆ ಹೊಕ್ಕಿತೆಂಬುದೇ ಆಶ್ಚರ್ಯವು. ೧೦೮ರ ವಾಹನವು ೨೦೦೮ರಿಂದ ಈ ರಾಜ್ಯದಲ್ಲಿ ನಡೆಯುತ್ತಿದೆ. ಕರೆಯುವಾಗ ಲಕ್ವವೆಂದು ಸ್ಪಷ್ಟವಾಗಿ ಹೇಳಿ, ಸಿ.ಟಿ. ಸ್ಕ್ಯಾನ್ ಹಗಲಿರುಳು ದೊರೆಯುವ ಆಸ್ಪತ್ರೆಗೆಂದು ಕೇಳಬೇಕು. ಒತ್ತಡವನ್ನು ತಗ್ಗಿಸುವ ಮಾತ್ರೆಯನ್ನು ದಾರಿಯಲ್ಲಿ ತಾವಾಗಿ ಕೊಡುವುದೂ ತರವಲ್ಲ. ೨೦೨೪ರಲ್ಲಿ ಪ್ರಕಟವಾದ ಚೀನಾದೇಶದ ದೊಡ್ಡ ಪ್ರಯೋಗವೊಂದರಲ್ಲಿ ವಾಹನದಲ್ಲಿಯೇ ಒತ್ತಡ ಇಳಿಸಿದ್ದು ಸ್ರಾವವಾದವರಿಗೆ ಹಿತವಾಯಿತು, ನಾಳ ಕಟ್ಟಿದವರಿಗೆ ಕೇಡಾಯಿತು. ಚಿತ್ರ ತೆಗೆದ ಮೇಲೆ ಮಾತ್ರ ತಡಮಾಡಬಾರದು. ಭಾರತವೂ ಸೇರಿದಂತೆ ಹತ್ತು ದೇಶಗಳ ೭,೦೦೦ಕ್ಕೂ ಮಿಕ್ಕ ರೋಗಿಗಳ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒತ್ತಡದ ಮೇಲಿನ ಅಂಕೆಯನ್ನು ಒಂದು ಗಂಟೆಯೊಳಗೆ ೧೪೦ಕ್ಕಿಂತ ಕೆಳಗೆ ತರುವುದು, ಸಕ್ಕರೆಯನ್ನೂ ಜ್ವರವನ್ನೂ ಹತೋಟಿಯಲ್ಲಿಡುವುದು, ರಕ್ತ ತೆಳುಮಾಡುವ ಮದ್ದಿನ ಗುಣವನ್ನು ಮುರಿಯುವುದು ಇವನ್ನು ಒಟ್ಟಾಗಿ ನಡೆಸಿದ ಕಡೆ ಫಲವು ಉತ್ತಮವಾಯಿತು. ಇವುಗಳಲ್ಲಿ ಬಹುಪಾಲು ದುಬಾರಿಯಾದ ಚಿಕಿತ್ಸೆಯಲ್ಲ. ವೇಳೆಗೆ ಸರಿಯಾಗಿ ಆಗಬೇಕಷ್ಟೆ.

ಈಗ, ಈ ಸಭೆಗೆ ವಿಶೇಷವಾಗಿ ಸಂಬಂಧಿಸಿದ ವಿಷಯವು. ಲಕ್ವ ಬಡಿದಾಗ ಮುಖ ಕೈಗಳಂತೆಯೇ ಗಂಟಲಿನ ಸ್ನಾಯುಗಳೂ ದುರ್ಬಲವಾಗುತ್ತವೆ. ಅರ್ಧದಷ್ಟು ರೋಗಿಗಳಲ್ಲಿ ಮೊದಲ ದಿನಗಳಲ್ಲಿ ನುಂಗುವ ಶಕ್ತಿಯು ಕೆಟ್ಟಿರುತ್ತದೆ. ಬಾಯಿಗೆ ಬಿಟ್ಟ ನೀರು ಅನ್ನನಾಳಕ್ಕೆ ಹೋಗುವುದರ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಆರೋಗ್ಯವಂತನಾದರೆ ಕೆಮ್ಮಿ ಹೊರಹಾಕುವನು. ಇವನಿಗೆ ಕೆಮ್ಮುವ ಎಚ್ಚರವೂ ಇರದು. ಎರಡು ಮೂರು ದಿನಗಳಲ್ಲಿ ಜ್ವರ, ಕಫ, ಏದುಸಿರು ತೋರುವುವು. ಈ ಶ್ವಾಸಕೋಶದ ಉರಿಯೂತವು ಲಕ್ವದ ತರುವಾಯ ಬರುವ ಮರಣಗಳ ಪ್ರಮುಖ ಕಾರಣಗಳಲ್ಲಿ ಒಂದು. ಮಿದುಳಿನ ಗಾಯವು ವಾಸಿಯಾಗುತ್ತಿರುವಾಗ ಎದೆಯ ರೋಗವು ಒಯ್ಯುವುದು ದುಃಖದಲ್ಲಿ ದುಃಖವು.

ಮನೆಯ ಹಿರಿಯರು ಎಚ್ಚರ ತಪ್ಪಿ ಬಿದ್ದೊಡನೆ ಭಕ್ತರು ಮೊದಲು ಮಾಡುವುದೇನು? ಹಣೆಗೆ ವಿಭೂತಿಯನ್ನು ಧರಿಸುತ್ತಾರೆ, ಕಿವಿಯಲ್ಲಿ ಪಂಚಾಕ್ಷರಿಯನ್ನು ಹೇಳುತ್ತಾರೆ, ಬಾಯಿಗೆ ಪಾದೋದಕವನ್ನು ಬಿಡುತ್ತಾರೆ. ಮೊದಲಿನ ಎರಡರಿಂದ ಯಾವ ಹಾನಿಯೂ ಇಲ್ಲ, ಮಾಡತಕ್ಕದ್ದೇ. ಮೂರನೆಯದರ ವಿಷಯದಲ್ಲಿ ವಿವೇಕವು ಬೇಕು. ಅಷ್ಟಾವರಣಗಳಲ್ಲಿ ಪಾದೋದಕ ಪ್ರಸಾದಗಳು ಅರಿವಿನಿಂದ ಸ್ವೀಕರಿಸತಕ್ಕವು. ಎಚ್ಚರವಿಲ್ಲದವನ ಬಾಯಿಗೆ ಹನಿಸಿದ್ದು ಸ್ವೀಕಾರವೆನಿಸದು. ಅವನು ಸ್ವೀಕರಿಸುವ ಸ್ಥಿತಿಗೆ ಬರುವ ತನಕ ಕಾಯುವುದರಿಂದ ಪಾದೋದಕದ ಮಹಿಮೆಗೆ ಕುಂದಿಲ್ಲ. ಶಿರಸ್ಸಿಗೆ ಪ್ರೋಕ್ಷಿಸಬಹುದು. ಅಂತ್ಯಕಾಲದಲ್ಲಿ ತೀರ್ಥ ಬಿಡುವ ಸಂಪ್ರದಾಯವನ್ನು ಕೆಲವರು ಇಲ್ಲಿ ಎತ್ತಿ ಹೇಳುವರು. ಅದು ಅಂತ್ಯಕಾಲವೆಂದು ನಿಶ್ಚಯವಾದವರಿಗೆ. ಬದುಕತಕ್ಕವನಿಗೆ ಅಂತ್ಯೋಪಚಾರವನ್ನು ಮಾಡಿ ಅಂತ್ಯವನ್ನೇ ತರಬಾರದು. ನೀರು, ಕಾಫಿ, ಎಳನೀರು, ಗಂಜಿ, ಮಾತ್ರೆ ಎಲ್ಲಕ್ಕೂ ಇದೇ ನಿಯಮ. ಆಸ್ಪತ್ರೆಯ ದಾದಿಯು ರೋಗಿಯನ್ನು ನೆಟ್ಟಗೆ ಕೂರಿಸಿ, ಚಮಚ ಚಮಚವಾಗಿ ನೀರು ಕೊಟ್ಟು, ಕೆಮ್ಮು ಬಂದಿತೋ, ಧ್ವನಿಯು ಒದ್ದೆಯಾಯಿತೋ ಎಂದು ಪರೀಕ್ಷಿಸುವಳು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಮೊದಲನೆಯ ತುತ್ತು ಪ್ರಸಾದವೇ ಆಗಲಿ. ಅಲ್ಲಿಯವರೆಗೆ ಮೂಗಿನಿಂದ ಇಳಿಸಿದ ನಳಿಕೆಯಿಂದ ಆಹಾರ ಕೊಡುವರು. ಅದನ್ನು ನೋಡಿ ಕರುಳು ಮಿಡಿದು, ಮರೆಯಲ್ಲಿ ಒಂದು ಗುಟುಕು ಕುಡಿಸುವ ತಾಯಂದಿರಿಗೆ ಈ ಮಾತು ತಲುಪಬೇಕಾಗಿದೆ. ದಾರಿಯಲ್ಲಿ ವಾಂತಿಯಾಗುತ್ತಿದ್ದರೆ ಅಂಗಾತ ಮಲಗಿಸದೆ ಮಗ್ಗುಲಿಗೆ ತಿರುಗಿಸಿರಬೇಕು.

ಹಾಸಿಗೆ ಹಿಡಿದ ಮೇಲಿನ ಉಪದ್ರವಗಳು ಎಲ್ಲ ದೀರ್ಘರೋಗಗಳಿಗೂ ಸಾಮಾನ್ಯವಾದುವು: ಬೆನ್ನಹುಣ್ಣು, ಮೂತ್ರದ ನಳಿಕೆಯಿಂದ ಸೋಂಕು, ಬಿದ್ದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈಗಳಿದ್ದರೆ ಹುಣ್ಣು ತಪ್ಪುತ್ತದೆ. ಬಿದ್ದ ತೋಳನ್ನು ಹಿಡಿದು ಎಳೆದು ಎಬ್ಬಿಸಬಾರದು; ಭುಜದ ಕೀಲು ಜಾರುತ್ತದೆ. ಮಿದುಳಿನ ಹೊರಪದರದ ಸ್ರಾವದಲ್ಲಿ ಸೆಳವು ಬರುವುದು ಹೆಚ್ಚು. ಮಿದುಳಿನ ಹೊದಿಕೆಯ ಕೆಳಗೆ, ಉಬ್ಬಿದ ನಾಳವು ಒಡೆದು ಆಗುವ ಇನ್ನೊಂದು ಬಗೆಯ ಸ್ರಾವದಲ್ಲಿ, ಸಿಡಿಲೆರಗಿದಂತೆ ತಲೆನೋವು ಬಂದು, ರೋಗಿಯು ಚೇತರಿಸಿಕೊಂಡಂತೆ ತೋರಿದರೂ, ನಾಲ್ಕನೆಯ ದಿನದಿಂದ ಎರಡು ವಾರದವರೆಗೆ ಮಿದುಳಿನ ನಾಳಗಳು ಸೆಟೆದು ಎರಡನೆಯ ಲಕ್ವವು ಬರಬಹುದು. ಅದನ್ನು ತಡೆಯುವ ಮಾತ್ರೆಯನ್ನು ೨೧ ದಿನ, ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ ಕೊಡುವರು. ಹಬ್ಬ ಬಂದಿತೆಂದು ಹತ್ತನೆಯ ದಿನ ಬಿಡುಗಡೆ ಕೇಳತಕ್ಕ ರೋಗವು ಇದಲ್ಲ.

ಉಪದ್ರವಗಳ ಪಟ್ಟಿಯಲ್ಲಿ ಗ್ರಂಥಗಳು ಸೇರಿಸದಿದ್ದರೂ ಸೇರಿಸಬೇಕಾದ ಒಂದಿದೆ, ಬಂಧುಗಳ ನಿರಾಶೆ. ಮೊದಲನೆಯ ದಿನವೇ, ಬದುಕಿದರೂ ಕೊರಡಿನಂತೆ ಬದುಕಬೇಕೆಂದು ಯಾರೋ ಅಂದರೆ, ಬರೆದುಕೊಟ್ಟು ಮನೆಗೆ ಕರೆದೊಯ್ಯುವವರುಂಟು. ಮೊದಲ ದಿನದ ಸ್ಥಿತಿಯನ್ನು ನೋಡಿ ಕಡೆಯ ಸ್ಥಿತಿಯನ್ನು ಹೇಳುವುದು ಅನುಭವಿಗಳಿಗೂ ಆಗದ ಕೆಲಸ. ಕಡೆಯ ಪಕ್ಷ ಎರಡು ದಿನವಾದರೂ ಪೂರ್ಣಚಿಕಿತ್ಸೆಯನ್ನು ಕೊಡದೆ ಕೈಬಿಡುವ ನಿರ್ಣಯ ಮಾಡಬಾರದೆಂದು ಈಗಿನ ವೈದ್ಯಸಂಘಗಳೇ ವಿಧಿಸಿವೆ. ಖರ್ಚಿನ ಭಯವೂ ಇದರಲ್ಲಿ ಅಡಗಿರುತ್ತದೆ; ಅದನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಶಿವೇಚ್ಛೆಯೆನ್ನುವುದಕ್ಕಿಂತ, ಬಾಯಿಬಿಟ್ಟು ಹೇಳಿದರೆ ದಾಸೋಹಿಗಳು ಇರುವ ಸಮಾಜವಿದು. ಮೈಸೂರಿನಲ್ಲಿ ಸರ್ಕಾರದ ಕೃಷ್ಣರಾಜೇಂದ್ರ ಆಸ್ಪತ್ರೆಯೂ, ಸುತ್ತೂರು ಶ್ರೀಮಠದ ಪೂಜ್ಯರು ೧೯೫೪ರಲ್ಲಿ ಕಟ್ಟಿದ ಮಹಾವಿದ್ಯಾಪೀಠದ ಆಸ್ಪತ್ರೆಯೂ ಇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೊಡನೆ ಸೇರಿ ರಾಜ್ಯ ಸರ್ಕಾರವು ೨೦೨೨ರಲ್ಲಿ ಮಿದುಳಿನ ಆರೋಗ್ಯಕ್ಕಾಗಿಯೇ ಒಂದು ಯೋಜನೆಯನ್ನು ಆರಂಭಿಸಿದೆ.

ಬದುಕಿ ಮನೆಗೆ ಬಂದವರ ಸ್ಥಿತಿಯನ್ನು ತಿಳಿದವರು ಕಡಮೆ. ಬಲಮಿದುಳಿನಲ್ಲಿ ಸ್ರಾವವಾದರೆ ಎಡಗೈ ಬೀಳುತ್ತದೆ. ಎಡಗೈಯೆಂದರೆ ಲಿಂಗವಂತನಿಗೆ ಇಷ್ಟಲಿಂಗದ ಪೀಠವು. ಅದಲ್ಲದೆ ಇಂಥವರಲ್ಲಿ ಕೆಲವರು ತಮಗೆ ಎಡಭಾಗವೊಂದಿದೆಯೆಂಬುದನ್ನೇ ಮರೆತಿರುತ್ತಾರೆ; ತಟ್ಟೆಯ ಬಲಭಾಗದ ಅನ್ನವನ್ನು ಮಾತ್ರ ಉಂಡು ಏಳುತ್ತಾರೆ, ಹಣೆಯ ಬಲಭಾಗಕ್ಕೆ ಮಾತ್ರ ವಿಭೂತಿಯನ್ನು ಹಚ್ಚುತ್ತಾರೆ. ಅದು ಅಲಕ್ಷ್ಯವಲ್ಲ, ರೋಗದ ಲಕ್ಷಣವು. ಪೂಜೆಯ ವೇಳೆಯಲ್ಲಿ ಮಗನೋ ಸೊಸೆಯೋ ಎಡಗೈಯ ಕೆಳಗೆ ತಮ್ಮ ಕೈಯಿಟ್ಟು ಆಸರೆಯಾಗಿ, ಅವರ ದೃಷ್ಟಿಯನ್ನು ಕರಸ್ಥಲದ ಕಡೆಗೆ ತಿರುಗಿಸಿದರೆ ಪೂಜೆಯೂ ನಡೆಯಿತು, ಮರೆತ ಭಾಗವನ್ನು ಮಿದುಳಿಗೆ ನೆನಪಿಸುವ ವ್ಯಾಯಾಮವೂ ನಡೆಯಿತು. ಎಡಮಿದುಳಿನ ಸ್ರಾವದಲ್ಲಿ ಬಲಗೈಯೊಡನೆ ಮಾತೂ ಹೋಗುವುದುಂಟು. ನೀರು ಬೇಕೆಂದು ಕೇಳಲಾರದವರು, ಸ್ವಂತ ಹೆಸರನ್ನೇ ಹೇಳಲಾರದವರು, ಬಾಲ್ಯದಿಂದ ಬಾಯಿಪಾಠವಾದ ಪಂಚಾಕ್ಷರಿಯನ್ನೂ ಹಾಡನ್ನೂ ತಡೆಯಿಲ್ಲದೆ ಹೇಳುವುದುಂಟು. ರೂಢಿಯ ನುಡಿಗೂ ಯೋಚಿಸಿ ಆಡುವ ನುಡಿಗೂ ಮಿದುಳಿನಲ್ಲಿ ನೆಲೆಯು ಬೇರೆ. ಇದನ್ನರಿಯದೆ, ಮಂತ್ರ ಬರುತ್ತದೆ ಮಾತು ಬರುವುದಿಲ್ಲವೇ, ಹಟ ಮಾಡುತ್ತಾರೆ, ಎಂದು ಗದರಿಸುವುದು ಕ್ರೂರವಾದ ಅನ್ಯಾಯವು. ಅದೇ ರೂಢಿಯ ನುಡಿಯನ್ನು ಹಿಡಿದು ಮೆಲ್ಲಗೆ ಮಾತು ಕಲಿಸುವ ಕ್ರಮವೂ ಇದೆ.

ಕಡೆಯದಾಗಿ ಮರುಕಳಿಸುವ ವಿಷಯ. ಒಮ್ಮೆ ಸ್ರಾವವಾದವರಿಗೆ ಇನ್ನೊಮ್ಮೆ ಆಗದಂತೆ ಕಾಯುವುದು ಮುಖ್ಯವಾಗಿ ಒತ್ತಡದ ಮಾತ್ರೆಯೇ. ಅಂಕೆಯು ೧೩೦ರ ಮೇಲೆ ೮೦ರ ಸುತ್ತ ಇರಬೇಕೆನ್ನುವರು. ಮೂರು ತಿಂಗಳು ನುಂಗಿ, ಅಳತೆ ಸರಿಬಂದಿತೆಂದು ಬಿಡುವವರೇ ಬಹಳ. ಸರಿಬಂದದ್ದು ಮಾತ್ರೆಯಿಂದ, ಬಿಟ್ಟರೆ ಏರುತ್ತದೆ. ಇಂಗ್ಲಿಷು ಔಷಧವು ಉಷ್ಣವೆಂದು ಹೇಳಿ ಬಿಡುವ ಪಂಡಿತರಿಗೆ ಒಂದು ಸಂಗತಿಯು ತಿಳಿದಿರಲಿ. ಒತ್ತಡ ತಗ್ಗಿಸುವ ಮದ್ದುಗಳ ಚರಿತ್ರೆಯಲ್ಲಿ ಈ ದೇಶದ ಸರ್ಪಗಂಧಿಯ ಬೇರಿಗೆ ಹಿರಿಯ ಸ್ಥಾನವಿದೆ. ಮುಂಬಯಿಯ ಡಾಕ್ಟರ್ ರುಸ್ತಂ ಜಾಲ್ ವಕೀಲರು ೧೯೪೯ರಲ್ಲಿ ಅದರ ಗುಣವನ್ನು ಬ್ರಿಟನ್ನಿನ ಹೃದ್ರೋಗಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಲೋಕವೆಲ್ಲ ಅದನ್ನು ಬಳಸಿತು. ಮನಸ್ಸಿಗೆ ಕುಗ್ಗನ್ನು ತರುವುದೆಂದು ಕಂಡು, ಅದಕ್ಕಿಂತ ಸೌಮ್ಯವಾದವು ದೊರೆತ ಮೇಲೆ ವೈದ್ಯರು ಅದನ್ನು ಬಹುಮಟ್ಟಿಗೆ ಬಿಟ್ಟರು. ಬೇರನ್ನು ತಾವೇ ಅರೆದು ಕುಡಿಯುವುದು ಅಪಾಯಕರ. ಉಪ್ಪಿನಕಾಯಿ, ಹಪ್ಪಳ, ಕರಿದ ಕುರುಕಲುಗಳಲ್ಲಿ ಅಡಗಿರುವ ಉಪ್ಪನ್ನು ಕಡಮೆಮಾಡುವುದು, ದಿನವೂ ಹೊಲದ ತನಕ ನಡೆದು ಬರುವುದು ಇವು ಮಾತ್ರೆಗೆ ಬೆಂಬಲವೇ ಹೊರತು ಬದಲಲ್ಲ. ಉಪವಾಸದ ದಿನ ಅನ್ನವನ್ನು ಬಿಟ್ಟರೂ ಒತ್ತಡದ ಮಾತ್ರೆಯನ್ನು ನೀರಿನೊಡನೆ ತೆಗೆದುಕೊಂಡರೆ ವ್ರತಭಂಗವಾಗದು. ಅಂದಿನ ಅಳತೆಯ ವಿಷಯವನ್ನು ಮಾತ್ರ ವೈದ್ಯರಲ್ಲಿ ಮುಂಚಿತವಾಗಿ ಕೇಳಿಟ್ಟುಕೊಳ್ಳತಕ್ಕದ್ದು. ಜಾತ್ರೆಗೂ ಪಾದಯಾತ್ರೆಗೂ ಹೊರಡುವವರು ಬಟ್ಟೆಯ ಗಂಟಿನೊಳಗೆ, ವಿಭೂತಿಯ ಗಟ್ಟಿಯ ಪಕ್ಕದಲ್ಲಿ, ಅಷ್ಟು ದಿನಗಳ ಮಾತ್ರೆಯನ್ನೂ ಎಣಿಸಿ ಇಟ್ಟುಕೊಳ್ಳಬೇಕು.